ಎರಡು ಕೈಗಳ ನಡುವೆ: ಸತ್ಯಜಿತ್ ರಾಯ್ ಅವರ ‘ಚಾರುಲತಾ’

(ಚಲನಚಿತ್ರ ರಸಗ್ರಹಣ ಶಿಬಿರವೊಂದರಲ್ಲಿ, ಚಿತ್ರಪ್ರದರ್ಶನದ ನಂತರ ಮಾಡಿದ ಭಾಷಣದ ಬರಹರೂಪ)



ಸಂಸಾರ ಒಡೆಯುವ ಕಥೆಗಳನ್ನು ನಮ್ಮ ಸಿನಿಮಾ ಬೇಕಾದಷ್ಟು ಹೇಳಿದೆ. ಆ ಕಥೆಗಳಲ್ಲಿ ಮನೆ ಒಡೆಯುವುದಕ್ಕೆ ಒಬ್ಬರು ಬೇಕೇ ಬೇಕು. ಕುಡುಕ ಗಂಡನೋ, ಗಯ್ಯಾಳಿ ಅತ್ತೆಯೋ, ನಡುವೆ ನುಸುಳಿದ ಮೂರನೆಯವರೋ ಇರುತ್ತಾರೆ. ಕೊನೆಗೆ ತಪ್ಪು ಮಾಡಿದವರು ಕಾಲಿಗೆ ಬೀಳುತ್ತಾರೆ, ಇಲ್ಲವೆ ಕಣ್ಣು ಮುಚ್ಚುತ್ತಾರೆ. ನಾವು ಕಣ್ಣೊರೆಸಿಕೊಂಡು ಹಗುರಾಗಿ ಮನೆಗೆ ಹೋಗುತ್ತೇವೆ.

ಈಗ ತಾನೆ ನಾವು ನೋಡಿದ ಚಿತ್ರದಲ್ಲಿ ಅಂಥ ಅನುಕೂಲ ಇಲ್ಲ. ಗಂಡ ಕುಡಿಯುವುದಿಲ್ಲ, ಬೈಯುವುದಿಲ್ಲ, ಕೈಯೆತ್ತುವುದಿಲ್ಲ. ಹೆಂಡತಿಗೆ ಅವನ ಮೇಲೆ ದ್ವೇಷವಿಲ್ಲ. ಅತ್ತೆ ಮಾವಂದಿರಿಲ್ಲ, ಬಡತನವಿಲ್ಲ. ಮೂರನೆಯವನೊಬ್ಬ ಬರುತ್ತಾನೆ, ನಿಜ. ಆದರೆ ಅವನು ಹೊಸ್ತಿಲು ತುಳಿಯುವ ಮೊದಲೇ ಆ ಮನೆಯಲ್ಲಿ ಏನೋ ಸರಿಯಿಲ್ಲವೆಂದು ನಮಗೆ ಗೊತ್ತಾಗಿಬಿಟ್ಟಿರುತ್ತದೆ. ಹಾಗಾದರೆ ಇಷ್ಟು ಒಳ್ಳೆಯವರೆಲ್ಲ ಸೇರಿ ಇದ್ದ ಮನೆ ಒಡೆದದ್ದು ಹೇಗೆ? ಇವತ್ತು ನಾನು ಕೇಳಿಕೊಳ್ಳಬೇಕೆಂದಿರುವುದು ಈ ಒಂದೇ ಪ್ರಶ್ನೆ.

ಮೊದಲು ಒಂದಿಷ್ಟು ವಿವರಗಳು. ‘ಚಾರುಲತಾ’ ತೆರೆ ಕಂಡದ್ದು 1964ರಲ್ಲಿ. ಮೂಲ ಕಥೆ ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಬರೆದ ನೀಳ್ಗತೆ ‘ನಷ್ಟನೀಡ’. ನೀಡವೆಂದರೆ ಗೂಡು, ಹಾಳಾದ ಗೂಡು ಎಂದು ಅರ್ಥ. ಚಿತ್ರಕಥೆ, ಸಂಗೀತ, ನಿರ್ದೇಶನ ಮೂರೂ ರಾಯ್ ಅವರವೇ. ಛಾಯಾಗ್ರಹಣ ಸುಬ್ರತ ಮಿತ್ರ, ಕಲೆ ಬನ್ಸಿ ಚಂದ್ರಗುಪ್ತ, ಸಂಕಲನ ದುಲಾಲ್ ದತ್ತ. ಚಾರುವಾಗಿ ಮಾಧವಿ ಮುಖರ್ಜಿ, ಅವಳ ಗಂಡ ಭೂಪತಿಯಾಗಿ ಶೈಲೇನ್ ಮುಖರ್ಜಿ, ಭೂಪತಿಗೆ ತಮ್ಮನ ವರಸೆಯಾಗಬೇಕಾದ ಅಮಲ್ ಆಗಿ ಸೌಮಿತ್ರ ಚಟರ್ಜಿ ನಟಿಸಿದ್ದಾರೆ. ಚಿತ್ರಕ್ಕೆ ಆ ವರ್ಷದ ರಾಷ್ಟ್ರಪತಿ ಸ್ವರ್ಣಪದಕ ಬಂತು. 1965ರ ಬರ್ಲಿನ್ ಉತ್ಸವದಲ್ಲಿ ರಾಯ್ ಅವರಿಗೆ ಶ್ರೇಷ್ಠ ನಿರ್ದೇಶಕರೆಂದು ‘ಬೆಳ್ಳಿ ಕರಡಿ’ ಸಂದಿತು. ಮತ್ತೊಮ್ಮೆ ಮಾಡುವುದಾದರೆ ಹೀಗೆಯೇ ಮಾಡುತ್ತೇನೆಂದು ರಾಯ್ ತಮ್ಮ ಚಿತ್ರಗಳ ಪೈಕಿ ಹೇಳಿಕೊಂಡದ್ದು ಇದೊಂದನ್ನೇ.

ದುರ್ಬೀನಿನಲ್ಲಿ ಕಂಡ ಗಂಡ

ಚಿತ್ರದ ಮೊದಲ ಏಳೆಂಟು ನಿಮಿಷಗಳನ್ನು ನೆನಪಿಗೆ ತಂದುಕೊಳ್ಳಿ. 1879ರ ಕಲ್ಕತ್ತ, ಒಂದು ದೊಡ್ಡ ಮನೆ, ಮಧ್ಯಾಹ್ನದ ಹೊತ್ತು. ಚಾರು ಕರವಸ್ತ್ರವೊಂದರ ಮೂಲೆಯಲ್ಲಿ ಗಂಡನ ಹೆಸರಿನ ಇಂಗ್ಲಿಷ್ ಮೊದಲಕ್ಷರವನ್ನು ಕಸೂತಿ ಹಾಕುತ್ತಿದ್ದಾಳೆ. ಗಡಿಯಾರ ನಾಲ್ಕು ಹೊಡೆಯುತ್ತದೆ. ಯಜಮಾನರಿಗೆ ಚಹಾ ಕೊಡುವಂತೆ ಆಳನ್ನು ಕೂಗಿ ಹೇಳುತ್ತಾಳೆ. ಆಮೇಲೆ ಮಾಡಲು ಏನೂ ಇಲ್ಲ. ಪುಸ್ತಕದ ಕಪಾಟಿನ ಮುಂದೆ ನಿಂತು ಬಂಕಿಮರ ಹೆಸರನ್ನು ರಾಗವಾಗಿ ಗುನುಗುತ್ತ ಒಂದು ಪುಸ್ತಕ ಎತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ಬೀದಿಯಿಂದ ಕೋತಿ ಆಡಿಸುವವನ ಬುಡುಬುಡಿಕೆಯ ಸದ್ದು ಬರುತ್ತದೆ.

ಆಗ ಅವಳು ಹಿಡಿಯಿರುವ ಪುಟ್ಟ ದುರ್ಬೀನೊಂದನ್ನು ತರುತ್ತಾಳೆ. ಕಿಟಕಿಯ ಅಡ್ಡಪಟ್ಟಿಗಳನ್ನು ಸರಿಸಿ ಹೊರಗೆ ನೋಡುತ್ತಾಳೆ. ಕೋತಿಯವನು ಹೋಗುತ್ತಾನೆ, ಪಲ್ಲಕ್ಕಿ ಹೋಗುತ್ತದೆ, ಕೊಡೆ ಹಿಡಿದ ದಢೂತಿ ಮನುಷ್ಯನೊಬ್ಬ ಹೋಗುತ್ತಾನೆ. ಒಂದು ಕಿಟಕಿಯಲ್ಲಿ ಮರೆಯಾದವರನ್ನು ಮುಂದಿನ ಕಿಟಕಿಯಲ್ಲಿ ಹಿಡಿಯಲು ಅವಳು ಕೋಣೆಯಿಂದ ಕೋಣೆಗೆ ಓಡುತ್ತಾಳೆ. ಈ ಓಟದಲ್ಲಿ ಮಕ್ಕಳ ಹುರುಪು ಇದೆ. ಪಂಜರದ ಹಕ್ಕಿ ಒಂದು ಸರಳಿನಿಂದ ಇನ್ನೊಂದಕ್ಕೆ ಹಾರಿದಂತೆಯೂ ಇದೆ.

ಅನಂತರ ಭೂಪತಿ ಬರುತ್ತಾನೆ. ಕೈಯಲ್ಲಿ ಪುಸ್ತಕ, ಕಣ್ಣು ಪುಸ್ತಕದಲ್ಲಿ. ಹೆಂಡತಿಯ ಪಕ್ಕದಲ್ಲೇ ಹಾದುಹೋಗುತ್ತಾನೆ. ಅವಳು ಅಲ್ಲಿ ನಿಂತಿರುವುದು ಅವನ ಗಮನಕ್ಕೆ ಬರುವುದಿಲ್ಲ. ಚಾರು ದುರ್ಬೀನನ್ನು ಕಣ್ಣಿಗೆ ಹಿಡಿದು, ಬೀದಿಯ ಜನರನ್ನು ನೋಡಿದ ಹಾಗೆಯೇ, ನಡುಮನೆಯ ಮೊಗಸಾಲೆಯಲ್ಲಿ ದೂರವಾಗುತ್ತಿರುವ ಗಂಡನನ್ನು ನೋಡುತ್ತಾಳೆ. ಆಮೇಲೆ ಕೈ ಸೋತು ದುರ್ಬೀನು ಕೆಳಗಿಳಿಯುತ್ತದೆ. ಕ್ಯಾಮೆರಾ ಥಟ್ಟನೆ ಹಿಂದೆ ಸರಿದು ಅವಳನ್ನು ಒಬ್ಬಂಟಿಯಾಗಿ ಬಿಡುತ್ತದೆ.

ಈ ಇಡೀ ಭಾಗದಲ್ಲಿ ಗಂಡ ಹೆಂಡಿರ ನಡುವೆ ಒಂದು ಮಾತೂ ಇಲ್ಲ. ಆದರೂ ಅವರ ದಾಂಪತ್ಯದ ಸ್ಥಿತಿ ಪೂರ್ತಿ ತಿಳಿದುಹೋಯಿತು. ದುರ್ಬೀನು ದೂರದ್ದನ್ನು ನೋಡುವ ಸಾಧನ. ಎರಡು ಮಾರು ದೂರದಲ್ಲಿ ನಡೆದುಹೋಗುವ ಗಂಡನನ್ನು ನೋಡಲು ಹೆಂಡತಿಗೆ ಅದು ಬೇಕಾಗಿದೆ. ಗಂಡನಿಗೋ, ಅದಿದ್ದರೂ ಕಾಣುತ್ತಿರಲಿಲ್ಲ.

ಈ ಚಿತ್ರದಲ್ಲಿ ಮನೆ ಮುರಿಯುವುದು ಇಲ್ಲಿಯೇ. ಯಾರೂ ಯಾರನ್ನೂ ನೋಯಿಸಿಲ್ಲ. ಒಬ್ಬರು ಇನ್ನೊಬ್ಬರನ್ನು ನೋಡುವುದನ್ನು ಬಿಟ್ಟಿದ್ದಾರೆ, ಬಿಟ್ಟದ್ದು ಅವರಿಗೆ ಗೊತ್ತಾಗಿಲ್ಲ. ಕ್ರೌರ್ಯಕ್ಕೆ ಸಾಕ್ಷಿ ಇರುತ್ತದೆ, ದೂರು ಕೊಡಬಹುದು. ಇದಕ್ಕೆ ಯಾರು ಸಾಕ್ಷಿ? ಚಾರು ಯಾರ ಮುಂದೆ ಹೋಗಿ ಏನೆಂದು ಹೇಳಿಕೊಳ್ಳಬೇಕು? ಕೇಳಿದವರು, ‘ನಿನಗೇನಮ್ಮ ಕಡಿಮೆಯಾಗಿದೆ?’ ಎಂದೇ ಕೇಳಿಯಾರು.

ಒಳ್ಳೆಯ ಮನುಷ್ಯ ಭೂಪತಿ

ಭೂಪತಿಯನ್ನು ಗೇಲಿ ಮಾಡುವುದು ಸುಲಭ. ರಾಯ್ ಹಾಗೆ ಮಾಡುವುದಿಲ್ಲ. ಈ ಚಿತ್ರದ ಭಾರ ನಿಂತಿರುವುದು ಅವನ ಒಳ್ಳೆಯತನದ ಮೇಲೆ.

ಅವನು ಸಿರಿವಂತ. ದುಡಿಯಬೇಕಾದ ಅಗತ್ಯವಿಲ್ಲ. ಆದರೂ ‘ಸೆಂಟಿನೆಲ್’ ಎಂಬ ಇಂಗ್ಲಿಷ್ ವಾರಪತ್ರಿಕೆ ನಡೆಸುತ್ತಾನೆ. ಅಚ್ಚುಕೂಟ ಮನೆಯ ಕೆಳಗಡೆಯೇ ಇದೆ. ಪತ್ರಿಕೆ ಅವನಿಗೆ ಶೋಕಿಯಲ್ಲ, ವ್ರತ. ಸರ್ಕಾರದ ತಪ್ಪನ್ನು ತಪ್ಪೆಂದು ಹೇಳಬೇಕು, ಸತ್ಯ ಉಳಿಯಬೇಕು ಎಂದು ನಂಬಿದವನು. ಅವನ ಕಾಲವನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ತಂದಿದ್ದ. ಅದರಿಂದ ಪಾರಾಗಲು ‘ಅಮೃತ ಬಜಾರ್ ಪತ್ರಿಕಾ’ ಬಂಗಾಳಿಯನ್ನು ಬಿಟ್ಟು ರಾತ್ರೋರಾತ್ರಿ ಇಂಗ್ಲಿಷಿಗೆ ತಿರುಗಿಕೊಂಡದ್ದು ಪ್ರಸಿದ್ಧ ಸಂಗತಿ. 1880ರಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ ನೇತೃತ್ವದ ಲಿಬರಲ್ ಪಕ್ಷ ಗೆದ್ದಿತು. ಇನ್ನು ಇಂಡಿಯಾಕ್ಕೆ ಒಳ್ಳೆಯ ದಿನ ಬಂತೆಂದು ಭೂಪತಿ ಗೆಳೆಯರನ್ನು ಕರೆದು ಮನೆಯಲ್ಲಿ ಸಂಭ್ರಮಿಸುತ್ತಾನೆ. ಆರು ಸಾವಿರ ಮೈಲಿ ಆಚೆ ಯಾರು ಗೆದ್ದರು, ಯಾರು ಸೋತರು ಎಂಬುದು ಅವನಿಗೆ ಅಂಗೈ ನೆಲ್ಲಿಕಾಯಿ. ಪಕ್ಕದ ಕೋಣೆಯ ಸುದ್ದಿ ಮಾತ್ರ ಅವನ ಪತ್ರಿಕೆಗೆ ಬರುವುದಿಲ್ಲ.

ಹೆಂಡತಿಗೆ ಬೇಸರವೆಂದು ಅವನಿಗೆ ಹೊಳೆಯದೆ ಇಲ್ಲ. ಕರವಸ್ತ್ರವನ್ನು ಅವಳು ಕೊಟ್ಟಾಗ, ಇದಕ್ಕೆಲ್ಲ ಹೊತ್ತು ಎಲ್ಲಿ ಸಿಗುತ್ತದೆಂದು ಅಕ್ಕರೆಯಿಂದಲೇ ಕೇಳುತ್ತಾನೆ. ತನಗೆ ಹೊತ್ತಿಗೇನು ಬರವೇ ಎಂಬರ್ಥದ ಅವಳ ಉತ್ತರ ಅವನಿಗೆ ಒಂದು ಕ್ಷಣ ನಾಟುತ್ತದೆ. ಕೂಡಲೇ ವ್ಯವಸ್ಥೆ ಮಾಡುತ್ತಾನೆ. ಅವಳ ಅಣ್ಣ ಉಮಾಪದನನ್ನು ಹೆಂಡತಿ ಮಂದಾಕಿನಿಯ ಸಮೇತ ಕರೆಸಿಕೊಳ್ಳುತ್ತಾನೆ. ಅಣ್ಣನಿಗೆ ಪತ್ರಿಕೆಯ ಲೆಕ್ಕಪತ್ರ, ಅತ್ತಿಗೆ ಚಾರುವಿಗೆ ಜೊತೆ. ಅದು ಸಾಲದೆಂದು ತೋರಿದಾಗ, ಸಾಹಿತ್ಯದ ಹುಚ್ಚಿರುವ ಅಮಲ್‌ಗೆ, ‘ಚಾರುವಿಗೆ ಬರೆಯುವ ಗುಣವಿದೆ, ಸ್ವಲ್ಪ ಹುರಿದುಂಬಿಸು’ ಎಂಬಂತೆ ಗುಟ್ಟಾಗಿ ಹೇಳುತ್ತಾನೆ.

ಗಮನಿಸಿ, ಪ್ರತಿಯೊಂದೂ ಒಳ್ಳೆಯ ಉದ್ದೇಶದ ಕೆಲಸವೇ. ಹೆಂಡತಿಯ ಒಂಟಿತನವನ್ನು ಅವನು ಕಚೇರಿಯಲ್ಲಿ ಖಾಲಿ ಬಿದ್ದ ಹುದ್ದೆಯಂತೆ ಕಾಣುತ್ತಾನೆ. ಆ ಹುದ್ದೆಗೆ ಒಬ್ಬೊಬ್ಬರನ್ನೇ ನೇಮಿಸುತ್ತ ಹೋಗುತ್ತಾನೆ. ತಾನೇ ಹೋಗಿ ಅರ್ಧ ಗಂಟೆ ಅವಳೆದುರು ಕೂರಬಹುದೆಂಬುದು ತಲೆಗೆ ಬರುವುದಿಲ್ಲ. ಪತ್ರಿಕೆಯ ಮೇಲೆ ನಿನಗೆ ಹೊಟ್ಟೆಕಿಚ್ಚೇ ಎಂದು ತಮಾಷೆಯಾಗಿ ಕೇಳುವಷ್ಟು ಅವನಿಗೆ ಗೊತ್ತು. ಆ ತಮಾಷೆಯೇ ನಿಜವೆಂಬುದು ಗೊತ್ತಿಲ್ಲ.

ಇನ್ನೊಂದು ಸೂಕ್ಷ್ಮ. ಅವನ ಲೋಕ ಇಂಗ್ಲಿಷಿನದು, ರಾಜಕೀಯದ್ದು. ಕಥೆ ಕಾದಂಬರಿ ಕವಿತೆಗಳಲ್ಲಿ ಅವನಿಗೆ ಆಸಕ್ತಿ ಇಲ್ಲ. ಅವಳ ಲೋಕ ಬಂಗಾಳಿಯದು, ಬಂಕಿಮರ ಕಾದಂಬರಿಗಳದು. ಒಂದೇ ಸೂರಿನ ಕೆಳಗೆ ಎರಡು ಭಾಷೆಗಳಿವೆ. ಒಂದು ಭಾಷೆಗೆ ಅಚ್ಚುಮೊಳೆಗಳಿವೆ, ಇನ್ನೊಂದಕ್ಕೆ ಮಧ್ಯಾಹ್ನದ ಹೊತ್ತು ಮಾತ್ರ ಇದೆ. ಇದು ನಮಗೆ ಹೊಸದಲ್ಲ. ಬಂಕಿಮರ ಕಾದಂಬರಿಗಳು ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡದ ಮನೆಗಳಿಗೂ ಬಂದಿದ್ದವು. ಚಾರುವಿನ ಕಪಾಟಿನಲ್ಲಿದ್ದ ಲೇಖಕ ನಮ್ಮ ಅಜ್ಜಿಯಂದಿರ ಕಾಲದ ಓದುಗರಿಗೂ ಪರಿಚಿತನೇ.

ಬಿರುಗಾಳಿಯ ಜೊತೆ ಬಂದವನು

ಅಮಲ್ ಬರುವುದು ಬಿರುಗಾಳಿಯ ಜೊತೆಗೆ. ಕಿಟಕಿ ಬಾಗಿಲುಗಳು ಬಡಿದುಕೊಳ್ಳುತ್ತವೆ, ಒಣಹಾಕಿದ ಬಟ್ಟೆ ಹಾರುತ್ತದೆ, ಅವನು ನಗುತ್ತ ಒಳನುಗ್ಗುತ್ತಾನೆ. ಅವನು ಚಾರುವನ್ನು ಕರೆಯುವುದು ‘ಬೌಠಾನ್’ ಎಂದು. ನಮ್ಮಲ್ಲಿ ಅತ್ತಿಗೆ ಎಂದ ಹಾಗೆ. ಅತ್ತಿಗೆ ಮೈದುನರ ನಡುವೆ ಸಲಿಗೆ, ಚೇಷ್ಟೆ, ಹುಸಿಮುನಿಸು ಎಲ್ಲಕ್ಕೂ ಬಂಗಾಳಿ ಮನೆಗಳಲ್ಲಿ ಅವಕಾಶವಿತ್ತು. ಆದ್ದರಿಂದ ಅವರ ಒಡನಾಟದಲ್ಲಿ ಯಾರಿಗೂ, ಅವರಿಬ್ಬರಿಗೂ ಸಹ, ಅಸಹಜವಾದದ್ದು ಏನೂ ಕಾಣುವುದಿಲ್ಲ.

ತೋಟದ ದೃಶ್ಯ ನಿಮ್ಮ ಕಣ್ಣ ಮುಂದೆ ಇನ್ನೂ ಇರಬೇಕು. ಅಮಲ್ ಮರದಡಿ ಚಾಪೆಯ ಮೇಲೆ ಮಲಗಿ ಬರೆಯುತ್ತಾನೆ. ಚಾರು ಉಯ್ಯಾಲೆಯಲ್ಲಿ ತೂಗಿಕೊಳ್ಳುತ್ತ ಹಾಡುತ್ತಾಳೆ. ಆ ಹಾಡಿನ ಧಾಟಿ ಸ್ಕಾಟ್ಲೆಂಡಿನ ಹಳ್ಳಿಗಾಡಿನದು, ಮಾತು ಟ್ಯಾಗೋರರದು. ಬೀಸುವ ಉಯ್ಯಾಲೆಯ ಜೊತೆಯಲ್ಲೇ ಕ್ಯಾಮೆರಾ ಅವಳ ಮುಖವನ್ನು ಹಿಡಿದುಕೊಂಡಿದೆ. ಆಮೇಲೆ ಅವಳು ಮತ್ತೆ ಆ ದುರ್ಬೀನನ್ನು ಎತ್ತುತ್ತಾಳೆ. ನೆರೆಮನೆಯಲ್ಲಿ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಕಾಣುತ್ತಾಳೆ. ಚಾರುವಿಗೆ ಮಕ್ಕಳಿಲ್ಲ. ಅಲ್ಲಿಂದ ತಿರುಗಿದ ದುರ್ಬೀನು ಅಮಲನ ಮೇಲೆ ನಿಲ್ಲುತ್ತದೆ. ಅವಳ ಮುಖದ ನಗೆ ಮೆಲ್ಲಗೆ ಆರುತ್ತದೆ. ತನ್ನ ಮನಸ್ಸು ಎತ್ತ ಸಾಗಿದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಹೇಳಿಕೊಳ್ಳುವಂಥದ್ದು ಏನೂ ನಡೆದಿಲ್ಲ. ಇನ್ನು ಮುಂದೆಯೂ ನಡೆಯುವುದಿಲ್ಲ. ಆದರೆ ತಿಳಿದಾಯಿತು.

ಅಮಲನಿಗಾಗಿ ಅವಳು ತಾನೇ ಒಂದು ನೋಟುಪುಸ್ತಕ ಮಾಡಿಕೊಟ್ಟಿದ್ದಾಳೆ. ಅದರಲ್ಲಿ ಬರೆದದ್ದನ್ನು ಅಚ್ಚಿಗೆ ಕೊಡಬಾರದೆಂಬ ಷರತ್ತು. ಅದು ಇಬ್ಬರ ನಡುವಿನ ಗುಟ್ಟಾಗಿರಬೇಕೆಂದು ಅವಳ ಆಸೆ. ಅವನಿಗೆ ಹೆಸರಿನ ಹಂಬಲ. ಅಚ್ಚು ಹಾಕಿಸಿಯೇ ಬಿಡುತ್ತಾನೆ. ಚಾರು ಕೆರಳುತ್ತಾಳೆ. ಆ ಕೋಪದಲ್ಲಿ ತಾನೇ ಬರೆಯಲು ಕೂರುತ್ತಾಳೆ. ಕೋಗಿಲೆ ಗೀಗಿಲೆ ಎಂದು ಅಮಲನ ಧಾಟಿಯಲ್ಲಿ ಆರಂಭಿಸಿದ್ದನ್ನು ಹರಿದೆಸೆಯುತ್ತಾಳೆ. ಕಣ್ಣು ಮುಂದೆ ನೆಟ್ಟು ಸುಮ್ಮನೆ ಕೂತವಳ ಮುಖದ ಮೇಲೆ ಅವಳ ಊರು ಮೂಡಿಬರುತ್ತದೆ: ನದಿ, ದೋಣಿ, ಜಾತ್ರೆ, ಬಾಣಬಿರುಸು. ಅದನ್ನೇ ಬರೆಯುತ್ತಾಳೆ. ಅಮಲನಿಗಿಂತ ದೊಡ್ಡ ಪತ್ರಿಕೆಯಲ್ಲಿ ಅವಳ ಬರಹ ಅಚ್ಚಾಗುತ್ತದೆ.

ಈ ಭಾಗವನ್ನು ಪ್ರೇಮಕಥೆಯ ಒಂದು ತಿರುವು ಎಂದಷ್ಟೇ ನೋಡಿದರೆ ಕಡಿಮೆಯಾಯಿತು. ಹೆಂಗಸರ ಓದು ಬರಹ ಬಂಗಾಳದಲ್ಲಿ ದೊಡ್ಡ ಚರ್ಚೆಯಾಗಿದ್ದ ಕಾಲ ಅದು. ಕಲ್ಕತ್ತದಲ್ಲಿ ಬೆಥೂನ್ ಶಾಲೆ 1849ರಿಂದಲೇ ಇತ್ತು. ಕಲ್ಕತ್ತ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಕಾದಂಬಿನಿ ಬಸು ತೇರ್ಗಡೆಯಾದದ್ದು 1878ರಲ್ಲಿ, ಅಂದರೆ ಈ ಕಥೆ ನಡೆಯುವುದಕ್ಕೆ ಒಂದು ವರ್ಷ ಮೊದಲು. ಹಳೆಯ ಕಾಲದ ಹೆಣ್ಣು, ಹೊಸ ಕಾಲದ ಹೆಣ್ಣು ಎಂಬ ಎಣಿಕೆಯನ್ನು ಬಂಕಿಮರು ಪ್ರಬಂಧವಾಗಿಯೇ ಬರೆದಿದ್ದರು. ಚಿತ್ರದಲ್ಲಿ ಅಮಲ್ ಆ ಮಾತುಗಳನ್ನು ಹಿಡಿದು ಚಾರುವನ್ನು ರೇಗಿಸುತ್ತಾನೆ. ಗಂಡಸರಿಗೆ ಇದೆಲ್ಲ ಚರ್ಚೆಯ ವಿಷಯ. ಚಾರು ಚರ್ಚೆಗೆ ಹೋಗದೆ ಬರೆದು ತೋರಿಸಿದಳು. ಮನೆಯ ಕೆಳಗಡೆಯೇ ಅಚ್ಚುಕೂಟವಿದ್ದರೂ ಅವಳ ಬರಹ ಹೊರಗಿನ ಪತ್ರಿಕೆಯಲ್ಲಿ ಬರಬೇಕಾಯಿತು ಎಂಬುದನ್ನು ಮರೆಯಬೇಡಿ.

ಆದರೆ ಅಚ್ಚಾದ ಬರಹವನ್ನು ಹಿಡಿದು ಬಂದವಳಿಗೆ ಗೆಲುವಿನ ಸಂತೋಷವಿಲ್ಲ. ಪತ್ರಿಕೆಯಿಂದ ಅಮಲನ ತಲೆಗೆ ಬಡಿಯುತ್ತಾಳೆ; ಮರುಕ್ಷಣ ಅವನಿಗೊರಗಿ ಅಳುತ್ತಾಳೆ. ಅಲ್ಲಿಯವರೆಗೆ ಆಟವೆಂದುಕೊಂಡಿದ್ದ ಹುಡುಗ ಮೊದಲ ಸಲ ಬೆಚ್ಚುತ್ತಾನೆ.

ಎರಡು ದ್ರೋಹಗಳು

ಇದೇ ಹೊತ್ತಿಗೆ ಉಮಾಪದ ಪತ್ರಿಕೆಯ ಹಣ ನುಂಗಿ ಹೆಂಡತಿಯೊಡನೆ ಪರಾರಿಯಾಗುತ್ತಾನೆ. ಸಾಲಗಾರರು ಬಾಗಿಲಿಗೆ ಬರುತ್ತಾರೆ. ಭೂಪತಿ ಅಮಲನ ಮುಂದೆ ತೋಡಿಕೊಳ್ಳುತ್ತಾನೆ. ದುಡ್ಡು ಹೋದದ್ದಕ್ಕಲ್ಲ, ನಂಬಿದವನು ಕೈಬಿಟ್ಟದ್ದಕ್ಕೆ ಅವನಿಗೆ ಸಂಕಟ. ಇನ್ನು ಯಾರನ್ನು ನಂಬಲಿ ಎಂದು ಕೇಳುವಾಗ ಅವನು ನೆಚ್ಚಿಕೊಂಡು ನೋಡುತ್ತಿರುವುದು ಅಮಲನ ಮುಖವನ್ನು. ಆ ಮಾತು ಈಟಿಯಂತೆ ನಾಟುತ್ತದೆ. ಅಮಲ್ ಅದೇ ರಾತ್ರಿ ಚೀಟಿ ಬರೆದಿಟ್ಟು ಮನೆ ಬಿಡುತ್ತಾನೆ.

ಬೀಗದಕೈ ಕದ್ದವನ ದ್ರೋಹವನ್ನೂ ಮನಸ್ಸು ಸೆಳೆದವನ ದ್ರೋಹವನ್ನೂ ರಾಯ್ ಪಕ್ಕಪಕ್ಕದಲ್ಲಿಟ್ಟಿದ್ದಾರೆ. ಒಬ್ಬ ಕದಿಯಲೆಂದೇ ಕದ್ದ. ಇನ್ನೊಬ್ಬ ಕದಿಯುತ್ತಿದ್ದೇನೆಂದು ತಿಳಿದ ಕೂಡಲೇ ಓಡಿದ. ಓಡಿದ್ದು ಸರಿಯೇ? ಭೂಪತಿಯ ದೃಷ್ಟಿಯಲ್ಲಿ ನೋಡಿದರೆ ಅದು ಋಜುತ್ವ. ಚಾರುವಿನ ಕಡೆಯಿಂದ ನೋಡಿದರೆ, ಅವಳನ್ನು ಒಂದು ಮಾತೂ ಕೇಳದೆ ಅವಳ ವಿಷಯವನ್ನು ತೀರ್ಮಾನಿಸಿಬಿಟ್ಟ ಇನ್ನೊಬ್ಬ ಗಂಡಸು. ಚಿತ್ರ ಎರಡಕ್ಕೂ ಜಾಗ ಬಿಟ್ಟಿದೆ.

ಅನಂತರ ಗಂಡ ಹೆಂಡಿರು ಸಮುದ್ರದ ದಂಡೆಗೆ ಹೋಗುತ್ತಾರೆ. ಇಡೀ ಚಿತ್ರದಲ್ಲಿ ಅವರಿಬ್ಬರೇ ಬಯಲಿನಲ್ಲಿ ಕೂತು ಮಾತಾಡುವುದು ಅಲ್ಲೊಂದೇ ಕಡೆ. ಪತ್ರಿಕೆಯನ್ನು ಮತ್ತೆ ಆರಂಭಿಸೋಣ, ಇಂಗ್ಲಿಷ್ ಭಾಗ ನಿನಗೆ, ಬಂಗಾಳಿ ಭಾಗ ನನಗೆ ಎಂಬ ಯೋಚನೆ ಚಾರುವಿನದು. ಮನೆಯೊಳಗಿದ್ದ ಎರಡು ಭಾಷೆಗಳು ಕಡೆಗೂ ಒಂದೇ ಹಾಳೆಯ ಮೇಲೆ ಬರಲಿವೆ. ಭೂಪತಿ ಹೆಂಡತಿಯ ಮುಖವನ್ನು ಹೊಸದಾಗಿ ನೋಡುತ್ತಾನೆ. ನಮಗೂ ಆಸೆ ಚಿಗುರುತ್ತದೆ.

ಊರಿಗೆ ಮರಳಿದರೆ ಅಮಲನ ಕಾಗದ ಬಂದು ಕೂತಿದೆ. ಗಂಡ ಆಚೆ ಹೋದನೆಂದುಕೊಂಡು ಚಾರು ತಡೆದಿಟ್ಟ ದುಃಖವನ್ನೆಲ್ಲ ಬಿಕ್ಕಿ ಬಿಕ್ಕಿ ಹೊರಹಾಕುತ್ತಾಳೆ. ಹಿಂದಿರುಗಿ ಬಂದ ಭೂಪತಿ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಾನೆ. ಎಂದೂ ನೋಡದ ಗಂಡ ನೋಡಿದ್ದು ಆ ಹೊತ್ತಿನಲ್ಲಿ. ಮಾತಿಲ್ಲದೆ ಗಾಡಿ ಹತ್ತಿ ಗೊತ್ತುಗುರಿಯಿಲ್ಲದೆ ಬೀದಿ ಸುತ್ತುತ್ತಾನೆ. ಕಣ್ಣೊರೆಸಿಕೊಳ್ಳಲು ಜೇಬಿನಿಂದ ತೆಗೆದ ಕರವಸ್ತ್ರದಲ್ಲಿ ಅವಳು ಹಾಕಿದ ಕಸೂತಿಯ ಅಕ್ಷರವಿದೆ.

ಕಪ್ಪು ಬಿಳುಪಿನ ನಡುವಿನ ಬಣ್ಣಗಳು

ಈ ಕಥೆ ಕಪ್ಪು ಬಿಳುಪಿನಲ್ಲೇ ಇರಬೇಕಾದದ್ದು ಏಕೆಂಬುದರ ಬಗ್ಗೆ ಒಂದು ಮಾತು. ಮನೆಯ ಒಳಭಾಗವನ್ನು ಬನ್ಸಿ ಚಂದ್ರಗುಪ್ತರು ಸ್ಟುಡಿಯೋದಲ್ಲಿ ಕಟ್ಟಿದರು. ಗೋಡೆಯ ಹೂಬಳ್ಳಿಯ ಕಾಗದ, ಮೊಗಸಾಲೆಯ ಕಂಬಗಳು, ವಿಲಾಯಿತಿ ಪೀಠೋಪಕರಣಗಳು, ಎಲ್ಲವೂ ಆ ಕಾಲದ ಸಿರಿವಂತಿಕೆಯನ್ನು ಹೇಳುತ್ತವೆ. ಅದರ ಉಸಿರುಗಟ್ಟುವಿಕೆಯನ್ನೂ ಹೇಳುತ್ತವೆ. ಸುಬ್ರತ ಮಿತ್ರ ‘ಅಪರಾಜಿತೋ’ (1956) ಚಿತ್ರಕ್ಕಾಗಿ ಒಂದು ಉಪಾಯ ಕಂಡುಕೊಂಡಿದ್ದರು. ದೀಪವನ್ನು ನೇರವಾಗಿ ಮುಖಕ್ಕೆ ಬಿಡದೆ ಬಿಳಿ ಬಟ್ಟೆಗೆ ಬಿಟ್ಟು, ಅಲ್ಲಿಂದ ಮರಳಿ ಬಂದ ಮೃದುವಾದ ಬೆಳಕಿನಲ್ಲಿ ಚಿತ್ರೀಕರಿಸುವುದು. ಸೆಟ್ಟಿನೊಳಗೆ ಹಗಲಿನ ನಿಜವಾದ ಬೆಳಕು ತುಂಬಿಕೊಂಡಂತೆ ಆಗ ಕಾಣುತ್ತದೆ. ಈ ಚಿತ್ರದಲ್ಲಿ ಮುಖಗಳ ಮೇಲೆ ಗಾಢ ನೆರಳು ಬೀಳುವುದು ಅಪರೂಪ. ಕಪ್ಪಿಗೂ ಬಿಳುಪಿಗೂ ನಡುವೆ ಎಷ್ಟೊಂದು ಬೂದುಬಣ್ಣಗಳಿವೆ! ಒಬ್ಬರನ್ನು ಕೆಟ್ಟವರು, ಒಬ್ಬರನ್ನು ಒಳ್ಳೆಯವರು ಎಂದು ಗೆರೆ ಎಳೆಯಲೊಲ್ಲದ ಕಥೆಗೆ ಅದೇ ತಕ್ಕ ಬೆಳಕು.

ಸೌಮಿತ್ರ ಈ ಪಾತ್ರಕ್ಕಾಗಿ ಟ್ಯಾಗೋರರಿಗೂ ಹಿಂದಿನ ಕಾಲದ ಬಂಗಾಳಿ ಕೈಬರಹವನ್ನು ಅಭ್ಯಾಸ ಮಾಡಿದರು. ಅಮಲ್ ಹಾಡುವ ಹಾಡಿಗೆ ದನಿ ಕೊಟ್ಟವರು ಕಿಶೋರ್ ಕುಮಾರ್. ಈ ಚಿತ್ರದಿಂದ ಮುಂದೆ ಕ್ಯಾಮೆರಾವನ್ನು ರಾಯ್ ತಾವೇ ನಡೆಸತೊಡಗಿದರು. ಉಯ್ಯಾಲೆಯ ಜೊತೆ ತೂಗುವ, ದುರ್ಬೀನಿನೊಳಗೆ ಇಣುಕುವ ಆ ಕಣ್ಣಿನ ಹಿಂದೆ ನಿರ್ದೇಶಕರೇ ಇದ್ದರು.

ಮೈಸೂರಿಗೆ ಹೊರಟ ಭೂಪತಿ

ಈಗ ಕೊನೆಗೆ ಬರೋಣ. ಟ್ಯಾಗೋರರ ಕೊನೆ ಬೇರೆ, ರಾಯ್ ಅವರ ಕೊನೆ ಬೇರೆ. ಮೂಲದಿಂದ ದೂರ ಸರಿದರೆಂದು ಬಂಗಾಳದಲ್ಲಿ ಆಕ್ಷೇಪ ಬಂತು. ರಾಯ್ ಅದಕ್ಕೆ ಬಂಗಾಳಿಯಲ್ಲಿ ದೀರ್ಘವಾದ ಉತ್ತರವನ್ನೇ ಬರೆದರು.

ಮೂಲ ಕಥೆಯಲ್ಲಿ ಅಮಲ್ ಮದುವೆಯಾಗಿ ಇಂಗ್ಲೆಂಡಿಗೆ ಹೋಗುತ್ತಾನೆ. ಪತ್ರಿಕೆ ನಿಂತುಹೋದ ಭೂಪತಿ ಹೆಂಡತಿಗೆ ಹತ್ತಿರವಾಗಲೆಂದು ತಾನೂ ಬಂಗಾಳಿಯಲ್ಲಿ ಬರೆಯಲು ಹೆಣಗುತ್ತಾನೆ. ಚಾರು ಅಮಲನಿಗೆ ಗುಟ್ಟಾಗಿ ಕಳಿಸಿದ ತಂತಿಯ ಉತ್ತರ ಅವನ ಕೈಗೆ ಸಿಕ್ಕಿ ಎಲ್ಲವೂ ತಿಳಿಯುತ್ತದೆ. ತನ್ನ ಬರಹಗಳನ್ನು ಬೆಂಕಿಗೆ ಹಾಕುತ್ತಾನೆ. ಕೊನೆಗೆ ಅವನು ಒಪ್ಪಿಕೊಳ್ಳುವ ಕೆಲಸ ಯಾವುದು ಗೊತ್ತೆ? ನಮ್ಮ ಮೈಸೂರಿನ ಪತ್ರಿಕೆಯೊಂದರ ಸಂಪಾದಕನ ಹುದ್ದೆ. ಕಲ್ಕತ್ತದಿಂದ ಆದಷ್ಟು ದೂರ ಹೋಗಬೇಕೆಂದವನಿಗೆ ಟ್ಯಾಗೋರರು ತೋರಿಸಿದ ಊರು ಮೈಸೂರು! ಅವನು ಹೊರಟಾಗ ಚಾರು, ತನ್ನನ್ನೂ ಕರೆದುಕೊಂಡು ಹೋಗೆಂದು ಅವನ ಕೈಹಿಡಿದು ಬೇಡುತ್ತಾಳೆ. ಅವನು ಒಂದು ಕ್ಷಣ ತಡೆಯುತ್ತಾನೆ. ಇನ್ನೊಬ್ಬನನ್ನು ಮನಸ್ಸಿನಲ್ಲಿ ಹೊತ್ತವಳನ್ನು ದಿನವೂ ಎದುರಿಗಿಟ್ಟುಕೊಂಡು ಬಾಳುವುದು ಹೇಗೆಂದು ಯೋಚಿಸುತ್ತಾನೆ. ಆ ಒಂದು ಕ್ಷಣ ಅವಳಿಗೆ ಸಾಕಾಗುತ್ತದೆ. ಅವಳ ಹಿಡಿತ ಸಡಿಲುತ್ತದೆ. ಮುಖ ಬಿಳಿಚಿಕೊಂಡದ್ದನ್ನು ಕಂಡು ಅವನು ಕರಗಿ, ಬಾ ಎಂದು ಕರೆದಾಗ ಅವಳು ಎರಡೇ ಪದದಲ್ಲಿ ಬೇಡವೆನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ನೋಡದ ಗಂಡನ ಜೊತೆ ಅಷ್ಟು ವರ್ಷ ಬಾಳಿದವಳು ಮುಖ ಓದುವುದನ್ನು ಚೆನ್ನಾಗಿ ಕಲಿತಿದ್ದಳು. ಅವನ ಕರೆಯಲ್ಲಿ ಕರುಣೆ ಇದೆ, ಬಯಕೆ ಇಲ್ಲವೆಂದು ಅವಳಿಗೆ ತಿಳಿಯಿತು. ಕರುಣೆಯ ಮೇಲೆ ಸಂಸಾರ ಕಟ್ಟಲು ಅವಳು ಒಪ್ಪಲಿಲ್ಲ.

ರಾಯ್ ಅವರ ಚಿತ್ರದಲ್ಲಿ ಮೈಸೂರಿಲ್ಲ. ಭೂಪತಿ ಗಾಡಿಯಲ್ಲಿ ಸುತ್ತಿ ಮನೆಗೆ ಮರಳುತ್ತಾನೆ. ಬಾಗಿಲು ತೆರೆದ ಚಾರು, ಬಾ ಎಂದು ಕೈ ಚಾಚುತ್ತಾಳೆ. ಅವನೂ ತಡೆದು ತಡೆದು ಕೈ ಮುಂದೆ ಮಾಡುತ್ತಾನೆ. ಎರಡು ಕೈಗಳು ಸೇರುವ ಮೊದಲೇ ಚಲನೆ ನಿಂತುಬಿಡುತ್ತದೆ. ಸ್ತಬ್ಧಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ: ಅವಳ ಮುಖ, ಅವನ ಮುಖ, ದೀಪ ಹಿಡಿದ ಆಳು, ಕೂಡದೆ ನಿಂತ ಕೈಗಳು. ಫ್ರಾನ್ಸಿನ ತ್ರೂಫೋ 1959ರ ತಮ್ಮ ಮೊದಲ ದೀರ್ಘ ಚಿತ್ರವನ್ನು ಒಬ್ಬ ಹುಡುಗನ ಸ್ತಬ್ಧಮುಖದಲ್ಲಿ ಮುಗಿಸಿದ್ದರು. ರಾಯ್ ಆ ತಂತ್ರವನ್ನು ಒಂದು ದಾಂಪತ್ಯದ ಮುಂದಿನ ದಿನಗಳನ್ನು ತಡೆಹಿಡಿಯಲು ಬಳಸಿಕೊಂಡರು. ಅದಾದ ಮೇಲೆ ತೆರೆಯ ಮೇಲೆ ಮೂಡುವ ಪದ ‘ನಷ್ಟನೀಡ’. ಟ್ಯಾಗೋರರು ಮೊದಲಲ್ಲಿ ಇಟ್ಟ ಹೆಸರು ಇಲ್ಲಿ ಕೊನೆಗೆ ಬಂದಿದೆ.

ಇದನ್ನು ಸುಖಾಂತವೆಂದು ಭಾವಿಸುವವರಿದ್ದಾರೆ. ಗಂಡ ಕ್ಷಮಿಸಿದ, ಮನೆ ಉಳಿಯಿತು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. ಕ್ಷಮೆಯೆಂದರೆ ತಪ್ಪು ಒಬ್ಬರದೇ ಎಂದಾಗುತ್ತದೆ. ಚಿತ್ರದ ಉದ್ದಕ್ಕೂ ನಾವು ನೋಡಿದ್ದು ಅದನ್ನಲ್ಲ. ಮೊದಲು ಕೈ ಚಾಚಿದವಳು ಚಾರು. ಅವಳು ಚಾಚಿದ್ದು ಕ್ಷಮೆ ಬೇಡುವ ಕೈಯಲ್ಲ, ಒಳಗೆ ಕರೆಯುವ ಕೈ. ಅವನೂ ಕೈ ಮುಂದೆ ಮಾಡಿದನೆಂಬುದು ಆಸೆ. ಅದು ತಲುಪಲಿಲ್ಲವೆಂಬುದು ವಾಸ್ತವ. ಹಾಗೆಂದು ಇದು ಮೂಲದಷ್ಟು ಕಠೋರವಾದ ನಿರಾಕರಣೆಯೂ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ, ದುರ್ಬೀನಿಲ್ಲದೆ, ನೋಡುತ್ತಿದ್ದಾರೆ. ಗಂಡನಿಗೆ ಈಗ ಹೆಂಡತಿ ಎಂಬ ವ್ಯಕ್ತಿ ಕಾಣುತ್ತಿದ್ದಾಳೆ. ಅವಳೊಳಗೆ ಇನ್ನೊಬ್ಬ ಇದ್ದಾನೆಂಬುದರ ಸಮೇತ ಕಾಣುತ್ತಿದ್ದಾಳೆ. ಅಷ್ಟನ್ನೂ ಕಂಡು ಜೊತೆಗಿರಲು ಆದೀತೇ ಎಂಬ ಪ್ರಶ್ನೆಯೇ ಆ ಎರಡು ಕೈಗಳ ನಡುವಿನ ಜಾಗ.

ಈ ಕಥೆಯ ಹಿಂದೆ ಟ್ಯಾಗೋರರ ಸ್ವಂತ ಬದುಕಿದೆಯೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಅವರ ಅಣ್ಣ ಜ್ಯೋತಿರಿಂದ್ರನಾಥರ ಪತ್ನಿ ಕಾದಂಬರಿ ದೇವಿ ಬಾಲಕ ರವೀಂದ್ರರ ಒಡನಾಡಿ, ಅವರ ಕವಿತೆಗಳ ಮೊದಲ ಓದುಗರು. 1883ರ ಡಿಸೆಂಬರಿನಲ್ಲಿ ರವೀಂದ್ರರ ಮದುವೆಯಾಯಿತು. 1884ರ ಏಪ್ರಿಲ್‌ನಲ್ಲಿ ಆಕೆ ಪ್ರಾಣ ಕಳೆದುಕೊಂಡರು. ಆ ನೋವಿನ ನೆರಳು ಕಥೆಯಲ್ಲಿ ಇರಬಹುದು. ಆದರೆ ಚಾರುವನ್ನು ಕಾದಂಬರಿ ದೇವಿ ಎಂದುಬಿಟ್ಟರೆ ನಮಗೆ ಒಂದು ತಪ್ಪಿಸಿಕೊಳ್ಳುವ ದಾರಿ ಸಿಕ್ಕಂತೆ. ಅದು ಆ ದೊಡ್ಡ ಮನೆತನದ ಸಮಾಚಾರ, ನಮ್ಮದಲ್ಲ ಎಂದು ಎದ್ದು ಹೋಗಬಹುದು. ಭೂಪತಿ ನಮ್ಮೆಲ್ಲರ ಮನೆಯಲ್ಲೂ ಇರುವ ಮನುಷ್ಯ. ದೇಶದ ಕೆಲಸ, ಕಚೇರಿಯ ಕೆಲಸ, ಸಾಹಿತ್ಯದ ಕೆಲಸ, ಚಿತ್ರಸಮಾಜದ ಕೆಲಸ ಎಂದು ಓಡಾಡುವ, ಯಾರಿಗೂ ಕೇಡು ಬಯಸದ ಮನುಷ್ಯ. ಅವನು ಮನೆಗೆ ಬಂದಾಗ ಕೈಯಲ್ಲಿ ಏನಾದರೊಂದು ಓದುವಂಥದ್ದು ಇದ್ದೇ ಇರುತ್ತದೆ.

ರಾಯ್ 1992ರಲ್ಲಿ, ಸುಬ್ರತ ಮಿತ್ರ 2001ರಲ್ಲಿ, ಸೌಮಿತ್ರ 2020ರಲ್ಲಿ ತೀರಿಕೊಂಡರು. ಚಿತ್ರದ ಪ್ರತಿಯನ್ನು ಹೊಸ ತಂತ್ರಜ್ಞಾನದಿಂದ ಶುದ್ಧಗೊಳಿಸಿದ್ದಾರೆ. ಸುಬ್ರತ ಮಿತ್ರರ ಬೆಳಕು ಈಗ ಚೆನ್ನಾಗಿ ಕಾಣುತ್ತದೆ. ಮತ್ತೊಮ್ಮೆ ನೋಡುವ ಅವಕಾಶ ಸಿಕ್ಕಿದರೆ ಒಂದು ಕೆಲಸ ಮಾಡಿ. ಮೊದಲ ಸಲ ನಾವೆಲ್ಲ ಚಾರುವನ್ನು ನೋಡುತ್ತೇವೆ. ಮಾಧವಿ ಮುಖರ್ಜಿಯವರ ಮುಖ ಬೇರೆಡೆ ನೋಡಲು ಬಿಡುವುದಿಲ್ಲ. ಎರಡನೆಯ ಸಲ ಭೂಪತಿಯನ್ನು ನೋಡಿ. ಅವನು ಎಷ್ಟು ಸಲ ಅವಳಿರುವ ಕೋಣೆಗೆ ಬರುತ್ತಾನೆ, ಬಂದಾಗ ಅವನ ಕಣ್ಣು ಎಲ್ಲಿರುತ್ತದೆ ಎಂಬುದನ್ನಷ್ಟೇ ಎಣಿಸುತ್ತ ಹೋಗಿ. ಮನೆ ಹೇಗೆ ಒಡೆಯಿತೆಂದು ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಭಾಷಣಕ್ಕಿಂತ ಸ್ಪಷ್ಟವಾದ ಉತ್ತರ ಅಲ್ಲಿ ಸಿಗುತ್ತದೆ.